ಕಮಲಾಪುರದ ದಾರಿ ತಪ್ಪಿದ ನೂರಿ

ಹಿಡಿಯುವುದು ನನಗೆ ಒಲಿದ ವಿದ್ಯೆಯಲ್ಲ. ಕಾಲೇಜಿನ ದಿನಗಳಲ್ಲಿ ಕ್ರಿಕೆಟ್ ಚೆಂಡು ನನ್ನ ಕೈ ಬಿಟ್ಟು ಹಣೆಯನ್ನೇ ಹುಡುಕಿಕೊಂಡು ಬರುತ್ತಿತ್ತು. ಈಗಲೂ ಸ್ಟೇಶನ್ ಬಜಾರಿನಲ್ಲಿ ನಾನು ಕೈಮಾಡಿದ ಆಟೋ ಬೇರೆಯವರನ್ನು ಹತ್ತಿಸಿಕೊಂಡು ಹೋಗುತ್ತದೆ. ಅಂಥ ನನ್ನ ಹಿತ್ತಲಿಗೆ ಹೋದ ಚಳಿಗಾಲದ ಒಂದು ಬೆಳಿಗ್ಗೆ ಹಿಡಿಯಲೇಬೇಕಾದ ಪಾರಿವಾಳವೊಂದು ಬಂದಿಳಿಯಿತು.

ನಮ್ಮ ಮನೆ ಹತ್ತಿರದ ಶರಣಬಸವೇಶ್ವರ ಗುಡಿಯ ಸುತ್ತ ಪಾರಿವಾಳಗಳಿಗೇನೂ ಕಡಿಮೆಯಿಲ್ಲ. ಆದರೆ ಇದು ಆ ಬೂದುಬಣ್ಣದ ಬಳಗದ್ದಲ್ಲ. ಮೈಯೆಲ್ಲ ಬಿಳುಪು, ಕಾಲಿಗೆ ಹಸಿರು ಉಂಗುರ. ದಾಸವಾಳದ ಬುಡದಲ್ಲಿಟ್ಟ ಬೋಗುಣಿಗೆ ಕೊಕ್ಕು ಅದ್ದಿ ತಲೆಯೆತ್ತದೆ ನೀರು ಕುಡಿಯಿತು. ಹಾರಲು ಹೋಗಿ, ಗೋಡೆಯೆತ್ತರಕ್ಕೂ ಏರಲಾಗದೆ ಮರಳಿ ಇಳಿಯಿತು.

"ಯಾರೋ ಸಾಕಿದ್ದದ ರೀ. ದಾರಿ ತಪ್ಪಿ ಬಂದದ. ಉಂಗುರದ ಮ್ಯಾಲ ಫೋನ್ ನಂಬರ್ ಇದ್ದಂಗ ಕಾಣ್ತದ, ಹಿಡೀರಿ," ಎಂದಳು ನನ್ನ ಹೆಂಡತಿ ಗಿರಿಜಾ.

"ನಾನಾ?"

"ಮತ್ತ, ಆ ಬೆಕ್ಕಿಗಿ ಹೇಳ್ಲ್ಯಾ?"

ಪಕ್ಕದ ಮನೆಯ ಬೆಕ್ಕು ಗೋಡೆಯ ಮೇಲೆ ಆಗಲೇ ಹೊಂಚು ಹಾಕಿ ಕುಳಿತಿತ್ತು.

ಕಡ್ಡಿಗೆ ಬುಟ್ಟಿ ಆನಿಸಿ, ಕೆಳಗೆ ಜೋಳ ಚೆಲ್ಲಿ, ಹಗ್ಗ ಎಳೆದೆ. ಬುಟ್ಟಿಯೊಳಗೆ ಜೋಳ ಮಾತ್ರ ಸೆರೆಯಾಯಿತು. ಚಾದರ ಹಿಡಿದು ಮೇಲೆ ಬಿದ್ದೆ. ಬದನೆ ಗಿಡ ಸಿಕ್ಕಿತು. ಗಿರಿಜಾ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಗುತ್ತಿದ್ದಳು. ಬೆನ್ನಟ್ಟುವುದನ್ನು ಬಿಟ್ಟು ಕರೆದು ನೋಡೋಣವೆಂದು ಹೊಳೆದದ್ದು ಆಮೇಲೆ. ಹಿತ್ತಲಿನಿಂದ ಸಾಮಾನಿನ ಕೋಣೆಯವರೆಗೆ ಶೇಂಗಾ ಚೂರುಗಳನ್ನು ಚೆಲ್ಲಿ ಬಾಗಿಲ ಮರೆಯಲ್ಲಿ ನಿಂತೆ. ಬೆಕ್ಕು ಗೋಡೆಯಿಂದಿಳಿಯಿತು. ಪಾರಿವಾಳ ಒಂದೊಂದೇ ಚೂರು ಹೆಕ್ಕುತ್ತ ಬಂದು, ಹೊಸ್ತಿಲ ಮೇಲೆ ನಿಂತು, ಒಂದು ಕಣ್ಣಿನಿಂದ ನನ್ನನ್ನು ಅಳೆಯಿತು. ನಾನು ಬಾಗಿಲಿಗೆ ಇನ್ನಷ್ಟು ಅಂಟಿಕೊಂಡೆ. ಅದು ಒಳಗೆ ಬಂತು! ಬೆಕ್ಕಿನ ಮೂಗಿಗೆ ಬಾಗಿಲು ಹಾಕಿ, ಟವೆಲ್ ಹೊದಿಸಿ, ಪಾರಿವಾಳವನ್ನು ಎರಡೂ ಕೈಗಳಿಂದ ಎತ್ತಿಕೊಂಡೆ. ಡವಡವ ಎನ್ನುತ್ತಿದ್ದ ಎದೆ ಅದರದೋ ನನ್ನದೋ ತಿಳಿಯಲಿಲ್ಲ. "ಸಿಕ್ತು!" ಎಂದು ನಾನು ಕೂಗಿದ್ದು ಗುಡಿಯವರೆಗೂ ಕೇಳಿಸಿರಬೇಕು.

ಉಂಗುರದ ನಂಬರಿಗೆ ಫೋನ್ ಮಾಡಿದರೆ ಎತ್ತಿಕೊಂಡವರು ಕಮಲಾಪುರದ ಶಾಹೀನ್ ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವರು ಮನೆಯ ಮಾಳಿಗೆಯ ಮೇಲೆ, ದೂರದಲ್ಲಿ ಬಿಟ್ಟರೂ ಗೂಡಿಗೆ ಮರಳುವಂತೆ ಪಳಗಿಸಲು ಪಾರಿವಾಳ ಸಾಕಿದ್ದಾರೆ. ಇದರ ಹೆಸರು ನೂರಿ. ಮೊದಲ ಸಲ ದೂರದಿಂದ ಹಾರಿಬಿಟ್ಟಾಗ ಕಳೆದುಹೋಗಿತ್ತು.

"ಯಾ ಅಲ್ಲಾ, ಜೀವಂತ ಅದಾಳ್ರೀ?" ಎಂದರು.

"ಆರಾಮ ಅದಾಳ. ನಾನೇ ತಂದು ಕೊಡ್ತೀನ್ರಿ."

"ಬ್ಯಾಡ್ರಿ ಸರ್. ಚಲೋತ್ನಾಗ ತಿನ್ಸಿ ಅಲ್ಲಿಂದನೇ ಬಿಡ್ರಿ. ಆಕಿನೇ ಹಾರ್ಕೋತ ಬರ್ಲಿ."

ಮಾತು ಧೈರ್ಯದ್ದು, ಆದರೆ ನೂರಿ ನೀರು ಕುಡಿದಳೇ ಎಂದು ಎರಡೆರಡು ಸಲ ಕೇಳಿದರು.

ಪಾರಿವಾಳಗಳು ಸೂರ್ಯನನ್ನು ನೋಡಿ, ಭೂಮಿಯ ಕಾಂತಶಕ್ತಿಯನ್ನು ಅರಿತು ಗೂಡು ಸೇರುತ್ತವಂತೆ. ನಾನೋ, ಫೋನಿನಲ್ಲಿ ನಕ್ಷೆ ತೆರೆದಿಟ್ಟುಕೊಂಡು ನಮ್ಮೂರಿನದೇ ಮೋಮಿನಪುರದ ಗಲ್ಲಿಗಳನ್ನೆಲ್ಲ ಸುತ್ತಿ ಅದೇ ಚಹಾದಂಗಡಿಯ ಮುಂದೆ ಮತ್ತೆ ಮತ್ತೆ ಪ್ರತ್ಯಕ್ಷನಾಗುವವನು. ನೂರಿಗೆ ದಾರಿಯ ಬಗ್ಗೆ ಬುದ್ಧಿವಾದ ಹೇಳುವ ಅರ್ಹತೆ ನನಗಿರಲಿಲ್ಲ. ಜೋಳ, ಶೇಂಗಾ ತಿನ್ನಿಸಿದೆ, ಅಷ್ಟೆ.

ಅದು ಕೋಣೆಯೊಳಗೆ ಪಟಪಟನೆ ಹಾರಾಡತೊಡಗಿದ ಮೇಲೆ ಒಂದು ಭಾನುವಾರ ಗೊತ್ತುಮಾಡಿದೆವು. ಬಿಡುವ ಕೆಲಸ ಗಿರಿಜಾಳದು. ಫೋನಿನಲ್ಲಿ ಸುದ್ದಿ ಕೇಳುವಷ್ಟು ಗಟ್ಟಿಗನಲ್ಲದ ನಾನು ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಶಾಹೀನರ ಮಾಳಿಗೆಯ ಮೇಲೆ ಚಹಾ, ಆ ಊರಿನ ಕೆಂಪು ಬಾಳೆಹಣ್ಣು. ಗಿರಿಜಾಳ ಫೋನ್ ಬಂತು: "ಬಿಟ್ಟೆ ರೀ. ಎರಡು ಸುತ್ತು ಹೊಡದು ಹೋದ್ಳು!"

ಆಕಾಶ ಖಾಲಿ. ಚಹಾ ಆರಿತು. ದೂರದಲ್ಲಿ ಹದ್ದೊಂದು ತೇಲುತ್ತಿತ್ತು. ಅದನ್ನು ನೋಡಿದರೂ ನೋಡದವರಂತೆ ಇಬ್ಬರೂ ಕುಳಿತೆವು.

"ಬರ್ತಾಳಲ್ರೀ ಸರ್?" ಎಂದು ವಿಜ್ಞಾನದ ಟೀಚರು ನನ್ನನ್ನು ಕೇಳಿದರು.

"ಬಂದೇ ಬರ್ತಾಳ್ರಿ," ಎಂದೆ, ಯಾವ ಆಧಾರವೂ ಇಲ್ಲದೆ.

ಬಾಳೆತೋಟಗಳ ಮೇಲೆ ಬಿಳಿ ಚುಕ್ಕೆಯೊಂದು ಮೂಡಿತು. ದೊಡ್ಡದಾಯಿತು. ರೆಕ್ಕೆ ಮಡಚಿ ಕಲ್ಲಿನಂತೆ ಇಳಿದು ಗೂಡಿನ ಹಲಗೆಯ ಮೇಲೆ ನಿಂತಿತು. ನೂರಿ! ಶಾಹೀನ್ ಕಣ್ಣೊರೆಸಿಕೊಳ್ಳುತ್ತಲೇ ಚಪ್ಪಾಳೆ ತಟ್ಟಿದರು. ಹಕ್ಕಿಗಳ ಹಿಕ್ಕೆ ಗುಡಿಸಿ ಸಾಕಾಗಿದೆಯೆಂದು ಆಗಷ್ಟೇ ನನ್ನೆದುರು ಗೊಣಗಿದ್ದ ಅವರ ಅಮ್ಮ, "ಆಗಯೀ ಮೇರಿ ಬೇಟಿ!" ಎನ್ನುತ್ತ, ಸ್ವಂತ ಮಗಳೇ ಮರಳಿ ಬಂದಂತೆ, ಮೆಟ್ಟಿಲೇರಿ ಓಡಿಬಂದರು. ನಾನು ಎರಡೂ ಕೈಯೆತ್ತಿ ಕುಣಿದೆನೆಂದು ಶಾಹೀನ್ ಮತ್ತು ಅವರ ಅಮ್ಮ ಇಂದಿಗೂ ಹೇಳುತ್ತಾರೆ.

ನೂರಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಒಳಗೆ ನಡೆದು, ತನ್ನ ಜಾಗದಲ್ಲಿ ಕುಳಿತಿದ್ದ ಇನ್ನೊಂದು ಪಾರಿವಾಳದ ಜೊತೆ ಜಗಳ ಶುರುಮಾಡಿತು. ಮನೆ ಮುಟ್ಟಿದವರಿಗೆ ಸನ್ಮಾನಕ್ಕೆಲ್ಲ ಎಲ್ಲಿಯ ಪುರುಸೊತ್ತು! ಆ ಸನ್ಮಾನವನ್ನು, ಕೆಂಪು ಬಾಳೆಹಣ್ಣಿನ ಜೊತೆ, ನಾವೇ ಮಾಳಿಗೆಯ ಮೇಲೆ ಹಂಚಿಕೊಂಡೆವು.