ಮಲ್ಲಪ್ಪ ಕಾಕಾನ ಎರಡು ಮಣ

ನಮ್ಮ ಮಲ್ಲಪ್ಪ ಕಾಕಾ ಯಾರನ್ನೂ "ಆರಾಮ ಇದ್ದೀಯೇನು" ಎಂದು ಕೇಳಿದವರಲ್ಲ. ಸಾಂಗಲಿ ಪೇಟೆಯ ಅವರ ಅರಿಶಿನದ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ತೊಲೆಗೆ ತೂಗುಬಿಟ್ಟ ದೊಡ್ಡ ತಕ್ಕಡಿಯ ಕಡೆ ಕೈ ಮಾಡುತ್ತಿದ್ದರು. "ಕುಂದರು. ಮಾತ ಆಮ್ಯಾಲ."

ತಟ್ಟೆಯಲ್ಲಿ ಕೂತರೆ ಇಡೀ ಪೇಟೆಗೆ ಕೇಳುವಂತೆ ಕೂಗು. "ಒಂದೂವರಿ ಮಣಕ್ಕ ಎರಡ ಶೇರ ಕಡಿಮಿ! ಮಿರಜದಾಗ ನಿನಗ ಯಾರೂ ರೊಟ್ಟಿ ಹಾಕೂದಿಲ್ಲೇನ?" ಆಗಲೇ ನಾನು ಮಿರಜದ ಒಂದು ದವಾಖಾನೆಯ ರಕ್ತ ತಪಾಸಣೆಯ ಕೋಣೆಯಲ್ಲಿ ನೌಕರಿಗೆ ಸೇರಿ ಮೂರು ವರ್ಷವಾಗಿತ್ತು. ಮೀಸೆ ಬಂದ ಗಂಡಸನ್ನು ಅರಿಶಿನದ ಮೂಟೆಯಂತೆ ತೂಗಿದರೆ ಹೇಗಾಗಬೇಡ? ಬೇಡವೆಂದರೆ ಚಹಾ ಸಿಗುತ್ತಿರಲಿಲ್ಲ.

ಬೆರಳಿನಿಂದ ಮೊಣಕೈತನಕ ಕಾಕಾ ಹಳದಿ. ಧೋತ್ರ ಹಳದಿ, ಚಹಾದ ಬಟ್ಟಲು ಹಳದಿ, ಅವರು ಮುಟ್ಟಿದ ಮಕ್ಕಳ ಗಲ್ಲ ಹಳದಿ. ಆರಗ ಹಳ್ಳಿಯ ರೈತರು ಬೇರೆ ಅಂಗಡಿಗಳನ್ನು ದಾಟಿಕೊಂಡು ಇವರಲ್ಲಿಗೇ ಬರುತ್ತಿದ್ದರು, ತೂಕದಲ್ಲಿ ಮೋಸವಿಲ್ಲವೆಂದು. "ನಾ ಒಂದ ವ್ಯಾಳ್ಯಾ ಸುಳ್ಳ ಹೇಳೇನು, ನನ್ನ ತಕ್ಕಡಿ ಹೇಳೂದಿಲ್ಲ," ಎಂದು ದಿನಕ್ಕೆ ಹತ್ತು ಸಲ ಹೇಳಿ ತಲೆ ತಿನ್ನುತ್ತಿದ್ದರು.

ದೀಪಾವಳಿಯ ಪಾಡ್ಯದ ದಿನ ತಕ್ಕಡಿಗೆ ಪೂಜೆ. ತೂಕದ ಕಬ್ಬಿಣದ ಕಲ್ಲುಗಳನ್ನೆಲ್ಲ ತೊಳೆದು, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಆಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ತಟ್ಟೆ ಏರಬೇಕು. ಕೊನೆಗೆ ಕಾಕಾ. ಪ್ರತಿ ವರ್ಷವೂ ಎರಡು ಮಣ, ಅಂದರೆ ಎಂಬತ್ತು ಶೇರು.

ಆ ವರ್ಷ ದಸರೆಯಿಂದಲೇ ಅವರ ಅಂಗಿ ಜೋತಾಡತೊಡಗಿತ್ತು. ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕು, ಕಣ್ಣೀರು ಹಾಕಿ, ಬೈದು, ದೇವರ ಮೇಲೆ ಆಣೆ ಇಟ್ಟು ದವಾಖಾನೆಗೆ ಹೋಗಿರೆಂದರು. ಇವರದು ಒಂದೇ ಉತ್ತರ: "ಪಾಡ್ಯಾಕ್ಕ ತಕ್ಕಡಿ ಹೇಳತೈತಿ. ಕಡಿಮಿ ಆದ್ರ ನೀ ಹೇಳಿದಲ್ಲಿ ಬರ್ತೇನಿ."

ಪಾಡ್ಯ ಬಂತು. ಕಲ್ಲು ಜೋಡಿಸುತ್ತಿದ್ದ ಕಾಕು ಕೂಗಿದರು: "ಅಯ್ಯ, ಐದ ಶೇರಿನ ಕಲ್ಲ ಎಲ್ಲಿ ಹೋತು? ನಿನ್ನಿ ನಾನ ತೊಳದ ಇಟ್ಟೇನಿ!" ಎಲ್ಲರೂ ಹುಡುಕಿದರು. ಕಾಕಾ ಮಾತ್ರ ಶಾಲು ಹೊದ್ದು ಆಗಲೇ ತಟ್ಟೆಯಲ್ಲಿ ಕೂತಿದ್ದರು. ತೂಗಿದರೆ ಎರಡು ಮಣ, ಗುಲಗಂಜಿಯಷ್ಟೂ ಕಡಿಮೆಯಿಲ್ಲ. ಎಷ್ಟೋ ದಿನದ ಮೇಲೆ ಕಾಕು ನಕ್ಕರು. ನಾನು ಕಾಕಾನನ್ನು ಎಬ್ಬಿಸಲು ಸೊಂಟಕ್ಕೆ ಕೈ ಹಾಕಿದೆ. ಕೈಗೆ ಕಬ್ಬಿಣ ತಾಗಿತು.

ಒಳಗಿನ ಕೋಣೆಗೆ ಎಳೆದುಕೊಂಡು ಹೋದೆ. "ಏನ್ರೀ ಕಾಕಾ ಇದು! ನಾಚಿಕಿ ಬರೂದಿಲ್ಲೇನ್ರಿ? ನಾಳಿನ ಮಿರಜಕ್ಕ ನಡೀರಿ."

"ಸಂಕ್ರಮಣ ಆಗಲಿ, ಬರ್ತೇನಿ. ನಿಮ್ಮ ಕಾಕೂಗ ಹೇಳಿದಿ ಅಂದ್ರ ನನ್ನ ಆಣಿ ನೋಡು."

ಇಡೀ ಊರಿನ ರಕ್ತ ನೋಡುವ ನೌಕರಿ ನನ್ನದು, ಒಬ್ಬ ಮುದುಕನ ಆಣೆಗೆ ಹೆದರಿ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ.

ಸಂಕ್ರಮಣದ ದಿನ ಎಳ್ಳು ಬೆಲ್ಲ ಕೊಡಲು ಕಾಕಾ ಬಾಗಿಲಿಗೆ ಬಂದು ಬಿಸಿಲಿಗೆ ಮುಖ ಒಡ್ಡಿದರು. ಕಣ್ಣಿನ ಬಿಳಿ ಭಾಗ ಹಳದಿ! ನಲವತ್ತು ವರ್ಷದಿಂದ ಹಳದಿಯಾಗಿದ್ದ ಮನುಷ್ಯ ಯಾವಾಗ ಕಾಮಾಲೆಯಿಂದ ಹಳದಿಯಾದನೆಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅರಿಶಿನ ಕಣ್ಣೊಳಗೆ ಹೋಗುವುದಿಲ್ಲ ಎನ್ನುವುದು ನನಗಾದರೂ ತಿಳಿಯಬಾರದಿತ್ತೇ?

ಅವತ್ತೇ ಟಾಂಗಾ ಹತ್ತಿಸಿದೆ. ದವಾಖಾನೆಯಲ್ಲಿ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ, ಗೆರೆ ಹಾಕಿದ ಗಾಜಿನ ನಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಒಂದು ತಾಸಿನಲ್ಲಿ ಕೆಂಪು ಎಷ್ಟು ಕೆಳಗಿಳಿಯುತ್ತದೆಂದು ನೋಡುವುದು. ಆರಾಮ ಇದ್ದವರದು ಕೆಲವೇ ಗೆರೆ ಇಳಿಯುತ್ತದೆ. ಮೈಯೊಳಗೆ ಎಲ್ಲೋ ಉರಿಯೂತವಿದ್ದರೆ ಸರಸರ ಇಳಿಯುತ್ತದೆ. ಕಾಕಾ ಎದುರಿಗೇ ಕೂತು ನೋಡಿದರು. "ಇದೂ ನಿಮ್ಮ ತಕ್ಕಡಿ ಅನ್ನು," ಎಂದರು.

ತಾಸು ತುಂಬುವುದರೊಳಗೆ ಕೆಂಪು ಅರ್ಧದ ಕೆಳಗೆ ಹೋಗಿತ್ತು. ಮೇಲೆ ನಿಂತ ನೀರು ತಿಳಿ ಹುಲ್ಲಿನ ಬಣ್ಣಕ್ಕಿರಬೇಕು. ಅದು ಅಚ್ಚ ಅರಿಶಿನ. ಕಾಕಾ ಚಷ್ಮಾ ಏರಿಸಿ ಬಗ್ಗಿ ನೋಡಿದರು. "ರಾಜಾಪುರಿ ಅರಿಶಿನದ ಮಾಲ ಐತಿ. ಬಣ್ಣ ಭಾರಿ ಬಂದೈತಿ!" ಇಂಥವರಿಗೆ ಏನು ಹೇಳುತ್ತೀರಿ? ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಡಾಕ್ಟರು ತೂಕ ಎಷ್ಟು ಇಳಿದಿದೆಯೆಂದು ಕೇಳಿದರು. ಕಾಕಾ ಕಣ್ಣು ಮಿಟುಕಿಸದೆ, "ಎರಡ ಮಣ ಐತ್ರಿ. ಪಾಡ್ಯಾಕ್ಕ ತೂಗೇವಿ," ಎಂದರು.

"ಸುಳ್ಳರಿ!" ಎಂದು ನಾನು ಕಿರುಚಿದೆ. ಕಲ್ಲಿನ ಕತೆಯನ್ನೆಲ್ಲ ಹೇಳಿಬಿಟ್ಟೆ.

ಡಾಕ್ಟರು ಲೇಖನಿ ಕೆಳಗಿಟ್ಟರು. ರಕ್ತ ಇಳಿಯುವುದೊಂದನ್ನೇ ನೋಡಿ ಏನೂ ಹೇಳಲಾಗದು, ಮೈಮೇಲೆ ಒಂದು ಕುರು ಎದ್ದರೂ ಅದು ಹೀಗೆ ಇಳಿಯುತ್ತದೆ ಎಂದರು. ಆದರೆ ಜೊತೆಗೆ ಮೈ ಇಷ್ಟು ಕರಗಿ, ಕಣ್ಣೂ ಹಳದಿಯಾದರೆ ಸಂಶಯ ಹೊಟ್ಟೆಯ ಹಿಂದಿರುವ ಮೇದೋಜೀರಕದಲ್ಲಿ ಎದ್ದ ಗಂಟಿನ ಮೇಲೆ. ಹೊಟ್ಟೆ ಒತ್ತಿ ನೋಡಿದರು. ನನ್ನನ್ನು ಹೊರಗೆ ಕರೆದು, ಇದು ಕ್ಯಾನ್ಸರ್, ಇನ್ನು ಕತ್ತರಿ ಹಾಕಿ ಉಪಯೋಗವಿಲ್ಲ ಎಂದರು. ಪಾಡ್ಯದಲ್ಲೇ ಬಂದಿದ್ದರೆ ಎಂದು ಕೇಳಿದೆ. ಹೇಳಲಿಕ್ಕಾಗದು ಎಂದರು. ಆ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಮರಳಿ ಬರುವಾಗ ಟಾಂಗಾದಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕಾಕಾ ನನ್ನ ತೊಡೆಯ ಮೇಲೆ ಕೈ ಇಟ್ಟರು. "ಸಿಟ್ಟಾಗಬ್ಯಾಡೋ ತಮ್ಮಾ. ಅಕಿ ಪಾಡ್ಯಾದ ದಿನ ನಕ್ಕಳಲ್ಲ? ಅಷ್ಟಕ್ಕ ಐದ ಶೇರ ಹೆಚ್ಚೇನಲ್ಲ." ನನ್ನ ಪಂಜೆಯ ಮೇಲೆ ಹಳದಿ ಬೆರಳಿನ ಗುರುತು ಮೂಡಿದವು. ಯುಗಾದಿ ಅವರಿಗೆ ಸಿಗಲಿಲ್ಲ.

ಮರುವರ್ಷವೂ ಕಾಕು ಪಾಡ್ಯದ ಪೂಜೆ ಬಿಡಲಿಲ್ಲ. ನಾನು ಹೋಗುವಷ್ಟರಲ್ಲಿ ಸೆರಗು ಹೊದ್ದು ತಟ್ಟೆಯಲ್ಲಿ ಕೂತಿದ್ದರು. ಮುಖ ಒಣಗಿ ಹೋಗಿತ್ತು. ಸಾಲಿನಲ್ಲಿ ಐದು ಶೇರಿನ ಕಲ್ಲು ಇರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಕಾಕು! ಆ ಕಲ್ಲ ಕೊಡ್ರಿ ಇಲ್ಲೆ! ನಡೀರಿ ಮಿರಜಕ್ಕ, ಈಗಿಂದೀಗ!"

ಕಾಕು ಸೆರಗಿನೊಳಗಿಂದ ಕಲ್ಲು ತೆಗೆದು ನನ್ನ ಕೈಯಲ್ಲಿಟ್ಟರು.

"ಹೋದ ವರ್ಷನೂ ಹಿಂಗ ಒದರಬೇಕಿತ್ತಪಾ ನೀ," ಎಂದರು.