ಅವ್ವನ ವಯಸ್ಸು ಎಷ್ಟೆಂದು ಡಾಕ್ಟರ್ ಕೇಳಿದಾಗ

ಮನೆಯ ಹಿರಿಯರ ವಯಸ್ಸು ಎಷ್ಟು ಅಂತ ಡಾಕ್ಟರ್ ಕೇಳಿದಾಗ ನೀವೂ ತಡವರಿಸಿದ್ದೀರಾ? ಹೋದ ತಿಂಗಳು ನಾನು ತಡವರಿಸಿದೆ.

ಔರಾದ್‌ನ ನಮ್ಮ ಮನೆಯ ಬಚ್ಚಲಲ್ಲಿ ಅವ್ವ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಬೀದರ್‌ನ ಆಸ್ಪತ್ರೆಗೆ ತಂದೆವು. ಆಪರೇಷನ್ ಆಗದಿದ್ದರೆ ಹಾಸಿಗೆಯೇ ಗತಿ. ಈ ವಯಸ್ಸಿನಲ್ಲಿ ಹಾಸಿಗೆ ಹಿಡಿದವರು ಬಹಳ ದಿನ ಉಳಿಯುವುದಿಲ್ಲ ಅಂತ ನನಗೂ ಗೊತ್ತು.

"ವಯಸ್ಸೆಷ್ಟ್ರಿ?" ಡಾಕ್ಟರ್ ಕೇಳಿದರು.

"ಎಪ್ಪತ್ರಿ," ಎಂದೆ. ಆಧಾರ್‌ನಲ್ಲಿ ಹಾಗಿದೆ. ಯಾರೋ ಮುಖ ನೋಡಿ ಬರೆದದ್ದು.

ನೋವಿನಲ್ಲೂ ಅವ್ವ ಸಿಡುಕಿದಳು. "ಯಾರ್ದು ಎಪ್ಪತ್ತು? ಪೊಲೀಸ್ ಆ್ಯಕ್ಷನ್ ಆದಾಗ ತಮ್ಮನ್ನ ಕಂಕುಳಾಗ ಎತ್ಕೊಂಡು ಜ್ವಾಳದ ಹೊಲದಾಗ ಓಡೀನ್ರಿ ಡಾಕ್ಟರ್ ಸಾಬ್!"

ನಮ್ಮ ಕಡೆಯ ಹಳಬರಿಗೆ ಹುಟ್ಟಿದ ತಾರೀಖು ಇರುವುದಿಲ್ಲ. ನಲವತ್ತೆಂಟರಲ್ಲಿ ಸೈನ್ಯ ಬಂದು ನಿಜಾಮನ ರಾಜ್ಯ ಹೋದಾಗ ಎಷ್ಟೆತ್ತರ ಇದ್ದೆ, ಏನು ಎತ್ತುತ್ತಿದ್ದೆ, ಅದೇ ಲೆಕ್ಕ. ತಮ್ಮನನ್ನು ಎತ್ತಿ ಓಡಲು ಏಳೆಂಟು ವರ್ಷವಾದರೂ ಆಗಿರಬೇಕು.

ಅಂದರೆ ಈಗ ಎಂಬತ್ತೈದರ ಹತ್ತಿರ.

ಇದನ್ನು ಕೇಳಿ ಡಾಕ್ಟರ್ ಆಪರೇಷನ್ ಬೇಡ ಅಂದುಬಿಟ್ಟರೆ?

"ಮೈಯಾಗ ಎಲ್ಲಾದಕ್ಕೂ ಒಂದ ವಯಸ್ಸು ಇರಲ್ರಿ, ಟೆಸ್ಟ್ ಮಾಡಿ ನೋಡೂಣು," ಎಂದರು ಡಾಕ್ಟರ್. ರಿಪೋರ್ಟ್ ಬಂತು. "ಹಾರ್ಟ್ ಅರವತ್ತರ ಮಂದೀದಿದ್ದಂಗ ಅದ. ಕಿಡ್ನಿ ಮಾತ್ರ ತೊಂಬತ್ತು ದಾಟ್ಯಾವ. ನೋವಿನ ಗುಳಿಗಿ ಭಾಳ ನುಂಗ್ಯಾರೇನ್ರಿ?"

ನುಂಗಿದ್ದಳು. ಮಂಡಿನೋವಿಗೆಂದು ಭಾಲ್ಕಿಗೆ ಹೋದಾಗಲೆಲ್ಲ ತಂದುಕೊಳ್ಳುತ್ತಿದ್ದಳು, ವರ್ಷಗಟ್ಟಲೆ.

ಅವ್ವ ನನ್ನ ಕಡೆ ತಿರುಗಿದಳು. "ಹಂಗಾರ ನನ್ನ ಮೈಯಾಗ ಅತ್ತಿ, ಸೊಸಿ ಇಬ್ರೂ ಇದ್ದಾರೇನ ಬೇ?"

ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು.

ಆಮೇಲೆ ಮೂತ್ರ ನಿಂತುಹೋಯಿತು.

ಐಸಿಯು. ಡಯಾಲಿಸಿಸ್. ಮುಖ ಊದಿ ಅವ್ವನ ಗುರುತೇ ಸಿಗುತ್ತಿರಲಿಲ್ಲ. ಮಾನಿಟರ್‌ನಲ್ಲಿ ಮಾತ್ರ ಎದೆಬಡಿತ ಗಟ್ಟಿಯಾಗಿ ಓಡುತ್ತಿತ್ತು. ಒಂದೇ ಮೈಯಲ್ಲಿ ಒಂದು ಭಾಗ ಇರುತ್ತೇನೆ ಅಂತ ಹಟ ಹಿಡಿದು, ಇನ್ನೊಂದು ಹೊರಟು ನಿಂತರೆ, ಹೊರಗೆ ಬೆಂಚಿನ ಮೇಲೆ ಕೂತವಳು ಯಾವುದನ್ನು ನಂಬಬೇಕು? ಬಸವಣ್ಣನಿಗೆ ಕೈಮುಗಿದೆ. ಮುಗಿದ ಕೈಯಲ್ಲೇ ಜಗಳವನ್ನೂ ಆಡಿದೆ.

ಈಗ ಮನೆಯಲ್ಲಿದ್ದಾಳೆ. ವಾಕರ್ ಹಿಡಿದು ಹೊಸ್ತಿಲವರೆಗೆ ಬರುತ್ತಾಳೆ. ಡಯಾಲಿಸಿಸ್‌ಗೆ ಬೀದರ್‌ಗೆ ಒಯ್ಯುತ್ತೇವೆ. ಎಲ್ಲಿಯವರೆಗೆ ಅಂತ ಕೇಳಿದರೆ ಡಾಕ್ಟರ್ "ನೋಡೂಣ್ರಿ" ಅನ್ನುತ್ತಾರೆ, ಅಷ್ಟೇ. ನೀರು ಕುಡಿಯುವುದಕ್ಕೂ ಮಿತಿ. "ಚಹಾ ಕೇಳಿದ್ರ ಔಷಧ ಕೊಟ್ಟಂಗ ಕೊಡ್ತೀಯಲ್ಲ ಬೇ," ಅಂತ ಇವತ್ತೂ ಬೈದಳು. ಬೈಸಿಕೊಂಡೆ. ಇವತ್ತಿಗೆ ಅಷ್ಟು ಸಾಕು.

ಕಿಡ್ನಿ ಸೋತ ಮೇಲೂ ನಿಮ್ಮ ಹಿರಿಯರು ಉಳಿದಿದ್ದರೆ ಹೇಗೆ ಉಳಿದರು ಅಂತ ಕೆಳಗೆ ಬರೆಯಿರಿ. ಉಳಿಯದಿದ್ದರೆ ಅದನ್ನೂ ಬರೆಯಿರಿ. ಓದುತ್ತೇನೆ.