ಪಾಳಿ ಬಿಟ್ಟವರು ಯಾರು?

ಢಣ್ ಢಣ್ ಢಣಾ ಅಂತ ಡಂಗುರದ ಹಲಗಿ. ಹಿಂದೆಯೇ ಒಂದು ಒಡಕು ದನಿ: ನಾಳೆ ಮುಂಜಾನೆ ಕಾಲುವೆಗೆ ನೀರು ಬಿಡ್ತಾರ, ಪಾಳಿ ಇದ್ದವರು ಗೇಟಿನ ಹತ್ತಿರ ಬರ್ರಿ. ಸುರಪುರದ ಈಚೆಗಿನ ನಮ್ಮ ಊರಿಗೆ ಕಾಲುವೆ ಬಂದ ಹೊಸದರಲ್ಲಿ ನನಗೆ ಆ ಗದ್ದಲ ಆಗುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರುಗಳ 'ಸೈಲೆನ್ಸ್ ಪ್ಲೀಸ್' ಕೇಳಿ ಬೆಳೆದವಳು. ಹೆಡ್ಡೇಕ್ ಅಂತ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಈಗ ಮಿಸ್ ಮಾಡ್ತೀನಿ. ಆ ಹಲಗಿಯವನನ್ನು ನಿಲ್ಲಿಸಿ, ಇದು ಯಾರು ಹೇಳಿದ ಮಾತು ಅಂತ ಕೇಳಬಹುದಿತ್ತು.

ಗೇಟಿನ ಹತ್ತಿರ ಒಂದು ರಿವಾಜು ಇತ್ತು. ತಮ್ಮ ನೀರಿನ ಪಾಳಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವವರು ತಾವೇ ಬಂದು, ಎಲ್ಲರ ಮುಂದೆ, ತಮ್ಮ ಬಾಯಿಲೆ ಹೇಳಬೇಕು. ಗಂಡನ ಪರವಾಗಿ ಹೆಂಡತಿ ಹೇಳಿದರೂ ನಡೆಯದು. ಜ್ವರ ಬಂದ ಮುದುಕನೊಬ್ಬನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬಂದು 'ಬಿಟ್ಟೆ' ಅನ್ನಿಸಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಆಗ ನಗು ಬಂದಿತ್ತು.

ಆಮೇಲೆ ಪಾಳಿಗೆಂದೇ ವಾಟ್ಸಾಪ್ ಗ್ರೂಪ್ ಆಯಿತು. ಬಹಳ ಕನ್ವೀನಿಯೆಂಟ್ ಅಂದರು. ಹಲಗಿ ನಿಂತಿತು, ಗೇಟಿನ ಹತ್ತಿರ ಮಂದಿ ಕೂಡುವುದೂ ನಿಂತಿತು.

ನಮ್ಮ ಓಣಿಯ ವಿಧವೆಯೊಬ್ಬಳ ಭತ್ತದ ಹೊಲ ಕಾಲುವೆಯ ತುದಿಗಿತ್ತು. ತೆನೆ ಹಾಲು ತುಂಬುವ ಹೊತ್ತಿಗೆ ಅವಳ ಪಾಳಿಯ ನೀರು ಮೇಲಿನ ಹೊಲಕ್ಕೆ ಹೋಯಿತು. ಮೊಬೈಲು ಹಿಡಿದು ನನ್ನ ಹತ್ತಿರ ಬಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಗ್ರೂಪಿನಲ್ಲಿ ಅವಳ ನಂಬರಿನಿಂದಲೇ ಮೆಸೇಜು ಹೋಗಿತ್ತು: ಈ ಸಲ ನನ್ನ ಪಾಳಿ ಬೇಡ. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಓದಿ ಹೇಳಿದೆ.

"ನಾ ಇಲ್ಲೇ ಅದೀನಲ್ರಿ ಅಕ್ಕಾರ," ಅಂದಳು. "ಯಾವಾಗ ಅಂದೆ ನಾ ಹಂಗ?"

ಚಾರ್ಜಿಗೆಂದು ಫೋನನ್ನು ಮೈದುನನ ಮನೆಯಲ್ಲಿ ಇಡುತ್ತಿದ್ದಳು. ಮೇಲಿನ ಹೊಲದವನು ಮೈದುನನ ದೋಸ್ತ. ನನ್ನ ಡೌಟು ಇವತ್ತಿಗೂ ಹೋಗಿಲ್ಲ. ಆದರೆ ಯಾರ ಮೇಲೆ ಬೆರಳು ಮಾಡಲಿ? ಮೆಸೇಜಿಗೆ ದನಿ ಇರುವುದಿಲ್ಲ, ಗುರುತು ಹಿಡಿಯಲು.

ಇಬ್ಬರೂ ಗ್ರೂಪಿನ ಅಡ್ಮಿನ್ ಮನೆಗೆ ಹೋದೆವು. ಚಹಾ ತರಿಸಿದ, ಕುರ್ಚಿ ಹಾಕಿಸಿದ, ನನಗಷ್ಟೇ. ಅವಳು ಕಟ್ಟೆಗೆ ಕುಳಿತಳು. ಅವನು ಮೊಬೈಲು ನನ್ನ ಮುಖಕ್ಕೆ ಹಿಡಿದ.

"ಪ್ರೂಫ್ ಅದರಿ ಮೇಡಂ. ಓದಿದವರು ನೀವೇ ಹಿಂಗಂದ್ರ ಹ್ಯಾಂಗ್ರಿ?"

ಅದು ಅವಳ ಫೋನಿನಿಂದ ಬಂದದ್ದು, ಅವಳ ಬಾಯಿಂದ ಬಂದದ್ದಲ್ಲ ಅಂದೆ. ಅವನು ನಕ್ಕ. ಅವಳ ಕಡೆ ಒಮ್ಮೆಯೂ ತಿರುಗಲಿಲ್ಲ; ಅವಳನ್ನೇ ಕೇಳಿದ್ದರೆ ಸಾಕಿತ್ತು, ಮೂರು ಮೊಳ ದೂರದಲ್ಲಿ ಕುಳಿತಿದ್ದಳು.

ಭತ್ತ ಜೊಳ್ಳಾಯಿತು.

ಮುಂದಿನ ಹಂಗಾಮಿಗೆ ಅವಳು ಫೋನಿನಿಂದ ಸಿಮ್ ತೆಗೆಸಿಬಿಟ್ಟಳು. ಪಾಳಿಯ ದಿನ ತಾನೇ ಗೇಟಿಗೆ ಹೋಗಿ ಕೂಡುತ್ತಾಳೆ, ತಲೆ ಕೆಟ್ಟದ ಅಂತ ಓಣಿಯವರು ಆಡಿಕೊಂಡರು.

ನಾನು ಅವಳನ್ನು ಕಡೆಯ ಸಲ ನೋಡಿದ್ದು, ಯಾದಗಿರಿಗೆ ನನ್ನ ತಂಗಿಯ ಮನೆಗೆ ಹೊರಟ ದಿನ. ಶಹಾಪುರದ ಬಸ್ಸು ಕಾಲುವೆಯ ಸೇತುವೆ ಮೇಲೆ ಕುರಿಹಿಂಡು ಅಡ್ಡ ಬಂದು ನಿಂತಿತ್ತು. ಕೆಳಗೆ ಗೇಟಿನ ಗೋಡೆಯ ಮೇಲೆ, ಬಿಸಿಲಿಗೆ ಸೆರಗು ಹೊದ್ದು, ಒಬ್ಬಳೇ ಇದ್ದಳು. ಯಾರನ್ನು ಕಾಯುತ್ತಿ ಅಂತ ಕಿಟಕಿಯಿಂದ ಕೂಗಿದೆ.

"ಮಂದೀನ್ರಿ," ಅಂದಳು. "ನಾ ಪಾಳಿ ಬಿಟ್ಟಿಲ್ಲಂತ ಹೇಳಬೇಕು."

ಕುರಿಗಳು ದಾಟಿದವು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಎರಡೂ ದಡಕ್ಕೆ ಇನ್ನೂ ಯಾರೂ ಬಂದಿರಲಿಲ್ಲ.